ಕೆರೆ ಹೂಳೆತ್ತುವ ಮೊದಲು ಯಾರ ಮನೆಗೆ ಹೋಗಬೇಕು?

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಸಂಜೀವಿನಿ ಒಕ್ಕೂಟದ (ಹೆಂಗಸರ ಸ್ವಸಹಾಯ ಸಂಘಗಳ ಒಕ್ಕೂಟ) ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿ. ನಮ್ಮೂರ ಕೆರೆಯಲ್ಲಿ ಹೂಳು ತುಂಬಿದೆ, ತೂಬು (ನೀರು ಬಿಡುವ ಬಾಗಿಲು) ಕೆಟ್ಟಿದೆ, ಕೆರೆ ಅಂಗಳ ಒಂದಷ್ಟು ಒತ್ತುವರಿಯಾಗಿದೆ. ಬೆಂಗಳೂರಿನ ಒಂದು ಕಂಪನಿಯವರು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣ ಕೊಡುತ್ತೇವೆ, ಊರವರೆಲ್ಲ ಒಪ್ಪಿದ್ದಾರೆ ಅಂತ ಪತ್ರ ಕೊಡಿ ಎನ್ನುತ್ತಿದ್ದಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದರೆ ಸಣ್ಣ ನೀರಾವರಿ ಇಲಾಖೆ ಕಡೆ ಕೈ ತೋರಿಸುತ್ತಾರೆ, ಇಲಾಖೆಯವರು ತಹಶೀಲ್ದಾರ್ ಕಡೆ. ಹಿಂದೆ ಕೆರೆ ಸಂಘ ಅಂತ ಒಂದಿತ್ತು, ಈಗ ಅದರ ಬೋರ್ಡು ಮಾತ್ರ ಉಳಿದಿದೆ. ನಾವು ಒಂದು ಸಭೆ ಕರೆದೆವು, ಜಗಳವಾಗಿ ಅರ್ಧ ಜನ ಎದ್ದು ಹೋದರು. ಸರ್ಕಾರ, ಕಂಪನಿ, ರೈತರು, ಊರು ಎಲ್ಲರನ್ನೂ ಕೂಡಿಸುವುದು ಹೇಗೆ? ನಾನು ಪಂಚಾಯಿತಿ ಸದಸ್ಯೆಯೂ ಅಲ್ಲ. ನನ್ನ ಮಾತು ಯಾರು ಕೇಳುತ್ತಾರೆ?

ಉತ್ತರ: ಮೊದಲು ಆ ಪತ್ರದ ವಿಷಯ ಹೇಳಿಬಿಡುತ್ತೇನೆ. ಕಂಪನಿಗೆ ಅಂಥ ಪತ್ರ ಈಗ ಕೊಡಬೇಡಿ. ಊರವರೆಲ್ಲ ಒಪ್ಪಿಲ್ಲ, ಸಭೆಯಲ್ಲಿ ಜಗಳವಾಗಿದ್ದೇ ಅದಕ್ಕೆ ಸಾಕ್ಷಿ. ಆ ಜಗಳದಿಂದ ನೀವು ಎದೆಗುಂದಬೇಕಾಗಿಲ್ಲ. ನಾಳೆ ಜೆಸಿಬಿ ಮುಂದೆ ನಿಂತು ಆಡಬೇಕಾಗಿದ್ದ ಜಗಳವನ್ನು ಜನ ಇವತ್ತೇ ಆಡಿದ್ದಾರೆ, ಅದೂ ನಿಮ್ಮ ಎದುರಿಗೆ. ಎದ್ದು ಹೋದವರು ಯಾರು, ಯಾವ ಮಾತಿಗೆ ಎದ್ದು ಹೋದರು ಅಂತ ನೆನಪಿಸಿಕೊಂಡು ಬರೆದಿಡಿ. ನಿಮ್ಮ ಕೆಲಸ ಆ ಪಟ್ಟಿಯಿಂದ ಶುರುವಾಗುತ್ತದೆ.

ಕೆರೆ ಸಂಘಗಳ ಜೊತೆ ಕೆಲಸ ಮಾಡುತ್ತಾ ಬಂದವಳು ನಾನು. ನಿಮಗೆ ಹೇಳಬೇಕಾದ್ದು ಮುಖ್ಯವಾಗಿ ಒಂದೇ ವಿಷಯ. ಒಂದು ಕೆರೆ ಕೆಲಸ ನಿಂತುಹೋಗುತ್ತದೋ ಉಳಿಯುತ್ತದೋ ಅನ್ನುವುದನ್ನು ಅದರಿಂದ ಲಾಭ ಆಗುವವರು ತೀರ್ಮಾನಿಸುವುದಿಲ್ಲ, ಏನಾದರೂ ಕಳೆದುಕೊಳ್ಳುವವರು ತೀರ್ಮಾನಿಸುತ್ತಾರೆ. ಕೆರೆ ತುಂಬಿದರೆ ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಜಮೀನಿನ, ರೈತರಿಗೆ ಖುಷಿ. ಬೋರ್‌ವೆಲ್ ಇರುವವರಿಗೂ ಖುಷಿ. ಅವರನ್ನು ಒಪ್ಪಿಸಲು ಸಭೆಯೇ ಬೇಡ. ಆದರೆ ಕೆರೆ ಅಂಗಳದಲ್ಲಿ ಅರ್ಧ ಎಕರೆ ರಾಗಿ ಹಾಕಿಕೊಂಡವರು, ಬೇಸಿಗೆಯಲ್ಲಿ ಅಲ್ಲೇ ಕುರಿ ಮೇಯಿಸುವವರು, ಮೀನಿನ ಹರಾಜು ಹಿಡಿದವರು, ಇಟ್ಟಿಗೆ ಗೂಡಿಗೆ ಮಣ್ಣು ಹೊಡೆಯುವವರು, ಏರಿ ಕೆಳಗೆ ಬಟ್ಟೆ ಒಗೆಯುವವರು ಇದ್ದಾರಲ್ಲ, ಇವರಿಗೆಲ್ಲ 'ಅಭಿವೃದ್ಧಿ' ಅಂದ ಕೂಡಲೇ ಎದೆ ಧಸಕ್ ಎನ್ನುತ್ತದೆ. ಅದು ಸಹಜ. ಹೆಚ್ಚಿನ ಕಡೆ ಇವರ ಮನೆಗೆ ಕೊನೆಗೆ ಹೋಗುತ್ತಾರೆ, ಅದೂ ನೋಟಿಸ್ ಹಿಡಿದುಕೊಂಡು. ನೀವು ಮೊದಲು ಹೋಗಿ, ಬರಿಗೈಯಲ್ಲಿ.

ಹೋಗುವ ಮುಂಚೆ ಎರಡು ಕಾಗದ ನಿಮ್ಮ ಹತ್ತಿರ ಇರಲಿ. ಒಂದು, ಕೆರೆಯ ಸರ್ವೆ ನಂಬರಿನ ಪಹಣಿ. ಇನ್ನೊಂದು, ಊರಿನ ನಕ್ಷೆ. ಎರಡೂ ಕಂದಾಯ ಇಲಾಖೆಯಲ್ಲಿ ಸಿಗುತ್ತವೆ, ಆನ್‌ಲೈನ್‌ನಲ್ಲೂ ಸಿಗುತ್ತವೆ. ಅದರಿಂದ ಕೆರೆಯ ವಿಸ್ತೀರ್ಣ ಎಷ್ಟು ಅಂತ ಗೊತ್ತಾಗುತ್ತದೆ. ಆಮೇಲೆ ಅಚ್ಚುಕಟ್ಟು ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ. ಪಿಡಿಒ ಮತ್ತು ಇಲಾಖೆ ಒಬ್ಬರ ಕಡೆ ಒಬ್ಬರು ಕೈ ತೋರಿಸುವ ಪ್ರಶ್ನೆಗೆ ಉತ್ತರ ಅಲ್ಲಿದೆ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಕೆಳಗೆ ಬರುತ್ತವೆ. 40ರಿಂದ 2000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಯವು. ಕೆರೆ ಯಾರದ್ದೇ ಆಗಲಿ, ಜಾಗದ ದಾಖಲೆ ಮತ್ತು ಒತ್ತುವರಿ ತೆರವು ತಹಶೀಲ್ದಾರರ ಕೆಲಸ. ಅಳತೆ ಭೂಮಾಪನ ಇಲಾಖೆಯ ಕೆಲಸ. ಅಂಗಳದಲ್ಲಿ ಜಾಲಿ, ನೀಲಗಿರಿ ನೆಟ್ಟಿದ್ದರೆ ಸಾಮಾಜಿಕ ಅರಣ್ಯದವರೂ ಬರುತ್ತಾರೆ. ಮೀನು ಕೆಲವು ಕೆರೆಗಳಲ್ಲಿ ಪಂಚಾಯಿತಿ ಹರಾಜು, ಕೆಲವು ಕಡೆ ಮೀನುಗಾರಿಕೆ ಇಲಾಖೆಯ ಗುತ್ತಿಗೆ.

ನೋಡಿ, ನಿಮ್ಮ ಪ್ರಶ್ನೆಯಲ್ಲಿ 'ಸರ್ಕಾರ' ಅಂತ ಒಂದೇ ಪದ ಇದೆ. ಕೆರೆಯ ಮುಂದೆ ನಿಂತರೆ ಅದು ಐದಾರು ಬಾಗಿಲು. ಒಬ್ಬರ ಬಾಗಿಲಿಗೆ ಹೋಗಿ ಇನ್ನೊಬ್ಬರ ಕೆಲಸ ಕೇಳಿದರೆ ಅವರು ಇನ್ನೇನು ಮಾಡುತ್ತಾರೆ? ಕೈ ತೋರಿಸುತ್ತಾರೆ. ಪಿಡಿಒ ಅವರ ಹತ್ತಿರ ಒತ್ತುವರಿ ತೆಗೆಸಿ ಅನ್ನಬೇಡಿ. 'ಕೆರೆ ಅಳತೆ ಮಾಡಿಕೊಡಿ ಅಂತ ತಹಶೀಲ್ದಾರರಿಗೆ ಪಂಚಾಯಿತಿಯಿಂದ ಒಂದು ಪತ್ರ ಬರೆಯಿರಿ, ನಾನು ತೆಗೆದುಕೊಂಡು ಹೋಗಿ ಟಪಾಲಿಗೆ ಕೊಟ್ಟು ಸೀಲು ಹಾಕಿಸಿಕೊಂಡು ಬರುತ್ತೇನೆ' ಅನ್ನಿ. ಅದು ಅವರ ಕೈಯಲ್ಲಿ ಆಗುವ ಕೆಲಸ. ಅಧಿಕಾರಿಯೊಬ್ಬರು ನಮಗೋಸ್ಕರ ಒಂದು ಸಣ್ಣ ಕೆಲಸ ಮಾಡಿ ಅದು ಸಾಗಿತು ಅಂದರೆ, ಮುಂದಿನ ಕೆಲಸಕ್ಕೆ ಅವರಿಗೂ ಧೈರ್ಯ ಬರುತ್ತದೆ. ಹೆಚ್ಚಿನ ಅಧಿಕಾರಿಗಳು ಊರ ಕೆಲಸಕ್ಕೆ ಹಿಂದೇಟು ಹಾಕುವುದು ಮನಸ್ಸಿಲ್ಲದೆ ಅಲ್ಲ. ನಾಳೆ ಯಾರೋ ದೂರು ಕೊಟ್ಟರೆ ತಾನೊಬ್ಬನೇ ಸಿಕ್ಕಿಹಾಕಿಕೊಳ್ಳುತ್ತೇನೆ ಅನ್ನುವ ಭಯ ಜಾಸ್ತಿ. ಊರು ಬೆನ್ನ ಹಿಂದೆ ಇದೆ ಅಂತ ಕಾಗದದಲ್ಲಿ ತೋರಿಸಿ. ಗ್ರಾಮಸಭೆಯ ನಡಾವಳಿಯಲ್ಲಿ ಒಂದು ಠರಾವು ಇದ್ದರೆ ಅವರಿಗೆ ಅದು ದೊಡ್ಡ ಆಸರೆ.

ಈಗ ಆ ಮನೆಗಳ ವಿಷಯಕ್ಕೆ ಬರೋಣ.

ಒತ್ತುವರಿ ಅಂದಾಗ ಎಲ್ಲವೂ ಒಂದೇ ತರ ಅಲ್ಲ ಅಂತ ನಿಮಗೇ ಗೊತ್ತು. ಜಮೀನೇ ಇಲ್ಲದ ಒಂದು ಸಂಸಾರ ಅಂಗಳದ ಅಂಚಿನಲ್ಲಿ ರಾಗಿ, ಹುರುಳಿ ಹಾಕಿಕೊಂಡಿರುತ್ತದೆ. ಅದರ ಪಕ್ಕದಲ್ಲೇ ಮತ್ತೊಬ್ಬರು ತಮ್ಮ ಅಡಿಕೆ ತೋಟವನ್ನು ವರ್ಷಕ್ಕೆ ಎರಡು ಸಾಲಿನಂತೆ ಕೆರೆಯೊಳಗೆ ಬೆಳೆಸಿಕೊಂಡು ಬಂದಿರುತ್ತಾರೆ, ಅದಕ್ಕೆ ಬೋರೂ ಇರುತ್ತದೆ. ಕಾನೂನಿನ ಮುಂದೆ ಎರಡೂ ಒತ್ತುವರಿಯೇ. ಊರಿನ ಕಣ್ಣಿಗೆ ಮಾತ್ರ ಎರಡೂ ಒಂದಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಪಂಜಾಬಿನ ಒಂದು ಊರಿನ ಕೆರೆ ಪ್ರಕರಣದಲ್ಲಿ ಊರೊಟ್ಟಿನ ಜಾಗಗಳ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಹೇಳಿತು. ಎಷ್ಟೇ ವರ್ಷ ಆಗಿರಲಿ, ಎಷ್ಟೇ ಹಣ ಹಾಕಿರಲಿ, ಸಕ್ರಮ ಮಾಡುವ ಹಾಗಿಲ್ಲ ಎಂದಿತು. ಆದರೆ ಸರ್ಕಾರವೇ ಭೂಮಿ ಇಲ್ಲದ ಕೂಲಿಯವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಗುತ್ತಿಗೆ ಕೊಟ್ಟಿದ್ದರೆ, ಅಥವಾ ಅಲ್ಲಿ ಶಾಲೆಯೋ ಆಸ್ಪತ್ರೆಯೋ ಇದ್ದರೆ, ಅಂಥದ್ದನ್ನು ಬೇರೆಯಾಗಿ ನೋಡಬಹುದು ಅಂತಲೂ ಹೇಳಿತು. ಹಾಗಾಗಿ ಆ ಸಂಸಾರದ ಹತ್ತಿರ ಯಾವ ಕಾಗದ ಇದೆ ಅಂತ ಮೊದಲು ಕೂತು ನೋಡಿ. ಬಗರ್ ಹುಕುಂಗೆ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮಕ್ಕೆ) ಅರ್ಜಿ ಹಾಕಿದ ರಸೀದಿ ತೋರಿಸಬಹುದು. ಕೆರೆ ಜಾಗ ಬಗರ್ ಹುಕುಂನಲ್ಲಿ ಮಂಜೂರಾಗುವುದಿಲ್ಲ. ಇದನ್ನು ಅವರಿಗೆ ಯಾರೂ ನೇರವಾಗಿ ಹೇಳಿರುವುದಿಲ್ಲ. ಹೇಳಿ. ಬೇಸರ ಆಗುತ್ತದೆ, ಆದರೂ ಹೇಳಿ. ಸುಳ್ಳು ಆಸೆ ಕೊಟ್ಟು ನಡೆಸಿದ ಮಾತುಕತೆ ಒಂದು ಮಳೆಗಾಲವೂ ತಡೆಯುವುದಿಲ್ಲ.

ಆ ಮನೆಯ ಜಗಲಿಯಲ್ಲಿ ಕೂತಾಗ ಏನು ಕೊಡಲು ಸಾಧ್ಯ, ಏನು ಸಾಧ್ಯ ಇಲ್ಲ ಅನ್ನುವುದು ನಿಮಗೆ ಸ್ಪಷ್ಟ ಇರಬೇಕು. ಬೇರೆ ಜಮೀನು ಕೊಡಿಸುತ್ತೇವೆ ಅಂತ ನೀವಾಗಲಿ, ಪಂಚಾಯಿತಿಯಾಗಲಿ ಮಾತು ಕೊಡುವ ಹಾಗಿಲ್ಲ. ನಿಂತ ಬೆಳೆ ಕೊಯ್ಯುವವರೆಗೆ ಕಾಯಬೇಕು ಅಂತ ತಹಶೀಲ್ದಾರರನ್ನು ಊರೇ ಕೇಳಬಹುದು. ಕೂಲಿ ಕೆಲಸದಲ್ಲಿ ಆ ಮನೆಗೆ ಮೊದಲು ಕೆಲಸ ಅಂತ ತೀರ್ಮಾನಿಸಬಹುದು. ಕೆರೆ ಕಾಯುವ ಕೆಲಸ, ತೂಬು ಎತ್ತುವ ಕೆಲಸಕ್ಕೆ ಸಂಘ ಸಂಬಳ ಕೊಡುವುದಾದರೆ ಅವರನ್ನೇ ಇಟ್ಟುಕೊಳ್ಳಬಹುದು. ಇನ್ನು ಅಳತೆ ದೊಡ್ಡವರ ತೋಟದಿಂದಲೇ ಶುರುವಾಗಬೇಕು. ಇದು ನನ್ನ ಹಟ. ತೆರವು ಬಡವರ ರಾಗಿಯಿಂದ ಶುರುವಾಗಿ ತೋಟದ ಬೇಲಿ ಹತ್ತಿರ ನಿಂತುಹೋದರೆ, ಆಮೇಲೆ ನೀವು ಏನೇ ಹೇಳಿದರೂ ಆ ಊರು ನಂಬುವುದಿಲ್ಲ. ದೊಡ್ಡವರ ಹತ್ತಿರ ಮಾತಾಡಲು ಮಾತ್ರ ನೀವೊಬ್ಬರೇ ಹೋಗಬೇಡಿ. ಅದು ಸರ್ವೆಯವರ ಸರಪಳಿ, ತಹಶೀಲ್ದಾರರ ನೋಟಿಸ್ ಮಾತಾಡಬೇಕಾದ ಜಾಗ. ಗಡಿ ಗುರುತಿನ ಬಾಂದು ಕಲ್ಲು ನೆಟ್ಟು ಸುತ್ತ ಟ್ರೆಂಚ್ ಹೊಡೆದ ಮೇಲೆ ಅರ್ಧ ಜಗಳ ತಾನಾಗಿಯೇ ತಣ್ಣಗಾಗುತ್ತದೆ.

ಕುರಿಯವರದು ಇನ್ನೊಂದು ಕಥೆ. ಅವರು ಸಭೆಗೇ ಬರುವುದಿಲ್ಲ, ಹಗಲು ಹೊತ್ತು ಊರಲ್ಲೇ ಇರುವುದಿಲ್ಲ. ಸಂಜೆ ಹಟ್ಟಿ ಹತ್ತಿರ ಹೋಗಿ. ಕೆರೆಗೆ ಎಲ್ಲಿ ಇಳಿಯುತ್ತಾರೆ, ಕುರಿ ಎಲ್ಲಿ ನೀರು ಕುಡಿಯುತ್ತವೆ ಅಂತ ಕೇಳಿ. ಕಂಪನಿಯವರ ಇಂಜಿನಿಯರ್ ನಕ್ಷೆಯಲ್ಲಿ ಸುತ್ತ ಕಲ್ಲು ಕಟ್ಟಿ ಅದರ ಮೇಲೆ ಬೇಲಿ ಹಾಕಿರುತ್ತಾರೆ, ದನ ಕರು ಇಳಿಯಲು ಒಂದು ಇಳಿಜಾರು ಇರುವುದಿಲ್ಲ. ಅದನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಸಿ. ಬೆಂಗಳೂರಿನ ಹಲವು ಕೆರೆಗಳಲ್ಲಿ ಆಗಿದ್ದು ಇದೇ. ಕೆರೆ ಚೆಂದವಾಯಿತು, ನಡಿಗೆ ಪಥ ಬಂತು, ಬೇಲಿ ಬಂತು. ಹುಲ್ಲು ಕೊಯ್ಯುತ್ತಿದ್ದವರು, ದನ ಮೇಯಿಸುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು ಹೊರಗೆ ಉಳಿದರು. ಜಕ್ಕೂರು ಕೆರೆಯಂಥ ಕಡೆ ಮೀನು ಹಿಡಿಯುವವರಿಗೂ ಹುಲ್ಲು ಕೊಯ್ಯುವವರಿಗೂ ಜಾಗ ಉಳಿದಿದೆ ಅಂದರೆ, ಕೆರೆಯನ್ನು ಬರೀ ವಾಕಿಂಗ್ ಜಾಗ ಅಂತ ನೋಡದ ಜನ ಅಲ್ಲಿ ಇದ್ದರು ಅಂತ ಅರ್ಥ.

ಬೆಂಗಳೂರಿನಿಂದ ಇನ್ನೊಂದು ಪಾಠವನ್ನೂ ಹೇಳಬೇಕು, ನಿಮ್ಮ ಕಂಪನಿಯವರ ಜೊತೆ ಮಾತಾಡುವಾಗ ಬೇಕಾಗುತ್ತದೆ. ಎರಡು ದಶಕದ ಹಿಂದೆ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ಹಣ ಅವರು ಹಾಕುತ್ತಾರೆ, ನೋಡಿಕೊಳ್ಳುತ್ತಾರೆ, ಟಿಕೆಟ್ ಇಟ್ಟು ದುಡಿದುಕೊಳ್ಳುತ್ತಾರೆ ಅನ್ನುವುದು ಲೆಕ್ಕಾಚಾರ. ಜನ ಎದ್ದು ನಿಂತರು, 2008ರಲ್ಲಿ ವಿಷಯ ಹೈಕೋರ್ಟಿಗೆ ಹೋಯಿತು. ಅದೇ ನಗರದ ಜೆ.ಪಿ. ನಗರ ಕಡೆಯ ಪುಟ್ಟೇನಹಳ್ಳಿ ಕೆರೆಯಲ್ಲಿ ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು, ಮರುವರ್ಷ ಪಾಲಿಕೆ ಜೊತೆ ನಿರ್ವಹಣೆಗೆ ಒಪ್ಪಂದ ಮಾಡಿಕೊಂಡರು. ಕೆರೆ ಪಾಲಿಕೆಯದ್ದೇ ಆಗಿ ಉಳಿಯಿತು, ನೋಡಿಕೊಂಡದ್ದು ಮಾತ್ರ ಜನ. ಹೊರಗಿನಿಂದ ನೋಡಿದರೆ ಎರಡೂ ಕಡೆ ಸರ್ಕಾರ ಬೇರೆಯವರ ಕೈ ಹಿಡಿದ ಹಾಗೇ ಕಾಣುತ್ತದೆ. ವ್ಯತ್ಯಾಸ ಇರುವುದು ಕೆರೆಯ ಮೇಲೆ ಯಾರಿಗೆ ಯಾವ ಹಕ್ಕು ಉಳಿಯಿತು ಅನ್ನುವುದರಲ್ಲಿ. ನಿಮ್ಮ ಕಂಪನಿಯವರ ಒಪ್ಪಂದದ ಕರಡು ಬಂದಾಗ ಆ ಸಾಲನ್ನು ಹುಡುಕಿ ಓದಿ. ಹಣ ಕೊಟ್ಟದ್ದಕ್ಕೆ ಬೋರ್ಡು ಹಾಕಿಕೊಳ್ಳಲಿ, ತೊಂದರೆ ಇಲ್ಲ. ನೀರು, ಮೀನು, ಮಣ್ಣು, ಜಾಗ ಇವುಗಳ ಬಗ್ಗೆ ಅವರಿಗೆ ಯಾವ ಮಾತೂ ಇರಬಾರದು.

ಕಂಪನಿಯವರು ಅವಸರ ಮಾಡುತ್ತಾರೆ. ಅದಕ್ಕೊಂದು ಕಾರಣ ಇದೆ, ಅದು ನಿಮಗೆ ಗೊತ್ತಿದ್ದರೆ ಮಾತು ಸುಲಭ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡ 2ರಷ್ಟನ್ನು ಇಂಥ ಕೆಲಸಗಳಿಗೆ ಹಾಕಬೇಕು. ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದಕ್ಕೇ ಜನವರಿ, ಫೆಬ್ರವರಿಯಲ್ಲಿ ಫೋನಿನ ಮೇಲೆ ಫೋನು ಬರುತ್ತದೆ. ಆದರೆ ಅದೇ ಕಾನೂನಿನಲ್ಲಿ ಒಂದು ದಾರಿ ಇದೆ. ಒಂದೇ ವರ್ಷದಲ್ಲಿ ಮುಗಿಯದ ಕೆಲಸವನ್ನು 'ಮುಂದುವರಿಯುವ ಯೋಜನೆ' ಅಂತ ಕಂಪನಿ ತೀರ್ಮಾನಿಸಿದರೆ, ಉಳಿದ ಹಣವನ್ನು ಬೇರೆ ಖಾತೆಯಲ್ಲಿಟ್ಟು ಶುರು ಮಾಡಿದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಖರ್ಚು ಮಾಡಬಹುದು. ನೀವು ಅವರಿಗೆ ಇದನ್ನೇ ಕೇಳಿ. ಮೊದಲ ವರ್ಷ ಅಳತೆ, ಊರ ಮಾತುಕತೆ, ಕೆರೆಗೆ ನೀರು ತರುವ ಪೋಷಕ ಕಾಲುವೆ ಬಿಡಿಸುವುದು. ಎರಡನೇ ಬೇಸಿಗೆಯಲ್ಲಿ ಹೂಳು, ತೂಬು, ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ). ಆಮೇಲೆ ಒಂದು ವರ್ಷ ನಿರ್ವಹಣೆಗೆ ಒಂದಿಷ್ಟು ಹಣ. ಒಳ್ಳೆ ಕಂಪನಿಯಾದರೆ ಒಪ್ಪುತ್ತಾರೆ. ಆರು ವಾರದಲ್ಲಿ ಫೋಟೋ ಬೇಕು ಅನ್ನುವವರಾದರೆ ಆ ಹಣ ಬಿಟ್ಟರೂ ನಷ್ಟ ಇಲ್ಲ ಅಂತ ನಾನು ಹೇಳುತ್ತೇನೆ. ಊರು ಒಡೆದು ಮಾಡಿದ ಕೆರೆಗಿಂತ ಹೂಳು ತುಂಬಿದ ಕೆರೆಯೇ ವಾಸಿ, ಅದನ್ನು ಮುಂದೆ ಸರಿ ಮಾಡಬಹುದು.

ಪೋಷಕ ಕಾಲುವೆ ಮೊದಲು ಅಂದೆ. ಇದು ಬರೀ ತಾಂತ್ರಿಕ ಮಾತಲ್ಲ. ಕಾಲುವೆ ಮುಚ್ಚಿಹೋಗಿದ್ದರೆ ಎಷ್ಟು ಹೂಳು ತೆಗೆದರೂ ನೀರು ಬರುವುದಿಲ್ಲ, ಜನ 'ನೋಡಿ, ದುಡ್ಡು ತಿಂದರು' ಅನ್ನುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕಾಲುವೆ ನಿಮ್ಮೂರಿನ ಗಡಿಯಲ್ಲೇ ಇರುವುದಿಲ್ಲ. ಮೇಲಿನ ಊರಿನ ಹೊಲಗಳ ಮಧ್ಯೆ ಬರುತ್ತದೆ. ಅಂದರೆ ಇನ್ನೊಂದು ಪಂಚಾಯಿತಿ, ಇನ್ನೊಂದು ಕೆರೆ, ಅವರ ಕೋಡಿ ನೀರು ನಿಮಗೆ. ಅವರ ಹತ್ತಿರ ಯಾರೂ ಮಾತಾಡಿರುವುದೇ ಇಲ್ಲ. ನಿಮ್ಮ ಊರಿನ ಹಿರಿಯರಿಬ್ಬರು, ಅವರ ಊರಿನಲ್ಲಿ ನೆಂಟಸ್ತನ ಇರುವವರು, ಹೋಗಿ ಬಂದರೆ ಅರ್ಧ ಕೆಲಸ ಆದಂತೆ. ಇದಕ್ಕೆ ಯಾವ ಇಲಾಖೆಯೂ ಬೇಡ.

ಹಳೇ ಸಂಘ ಯಾಕೆ ಸತ್ತಿತು ಅಂತ ಕೇಳಿ ತಿಳಿದುಕೊಳ್ಳಿ. ಬೋರ್ಡಿನ ಮೇಲೆ ಜಲ ಸಂವರ್ಧನೆ ಯೋಜನಾ ಸಂಘದ ಹೆಸರಿದ್ದರೆ ನನಗೆ ಆಶ್ಚರ್ಯ ಆಗುವುದಿಲ್ಲ. ವಿಶ್ವ ಬ್ಯಾಂಕ್ ನೆರವಿನ ಆ ಯೋಜನೆ 2002ರಲ್ಲಿ ಶುರುವಾಗಿ 2012ರವರೆಗೆ ನಡೆಯಿತು. ಆಗ ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳು ನೋಂದಣಿ ಆದವು. ಅದರ ತಳಹದಿ ಒಳ್ಳೆಯದೇ ಇತ್ತು. ರೈತರು ಒಂದಷ್ಟು ವಂತಿಗೆ ಹಾಕಬೇಕು, ಭೂಮಿ ಇಲ್ಲದವರೂ ಹೆಂಗಸರೂ ಸಂಘದಲ್ಲಿ ಇರಬೇಕು, ಕೆಲಸವನ್ನು ಸಂಘವೇ ಮಾಡಿಸಬೇಕು. ಕಾಮಗಾರಿ ನಡೆಯುವಷ್ಟು ದಿನ ಸಂಘಗಳು ಚೆನ್ನಾಗಿಯೇ ಓಡಾಡಿದವು. ಯೋಜನೆ ಮುಗಿದ ಮೇಲೆ ಬಹಳಷ್ಟು ಕಡೆ ಸಭೆ ನಿಂತವು, ಬ್ಯಾಂಕ್ ಪುಸ್ತಕ ಯಾರದ್ದೋ ಬೀರುವಿನಲ್ಲಿ ಉಳಿಯಿತು. ನನ್ನ ಅಭಿಪ್ರಾಯದಲ್ಲಿ ಕಾರಣ ಸರಳ. ಸಂಘಕ್ಕೆ ಜವಾಬ್ದಾರಿ ಕೊಟ್ಟರು, ವರಮಾನ ಕೊಡಲಿಲ್ಲ. ಮೀನಿನ ಹಣ ಒಂದು ಕಡೆ, ಅಂಗಳದ ಮರದ ಹಣ ಇನ್ನೊಂದು ಕಡೆ, ಏರಿ ಮೇಲಿನ ಗಿಡ ಕಡಿಯುವ ಖರ್ಚು ಮಾತ್ರ ಸಂಘದ ತಲೆಗೆ. ಕೈಯಲ್ಲಿ ನೂರು ರೂಪಾಯಿ ಇಲ್ಲದ ಸಂಘಕ್ಕೆ ಯಾರು ಬರುತ್ತಾರೆ ಹೇಳಿ?

ಹಿಂದೆ ಹಾಗಿರಲಿಲ್ಲ. ನೀರುಗಂಟಿ ಅಂತ ಒಬ್ಬರು ಇರುತ್ತಿದ್ದರು, ಬಹಳ ಕಡೆ ದಲಿತ ಕುಟುಂಬದವರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಬರ ಬಂದರೆ ಯಾವ ಬಯಲಿಗೆ ಬಿಡಬೇಕು, ಎಲ್ಲ ಅವರ ಕೈಯಲ್ಲಿ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಅವರ ಪಾಲಿನ ಕಾಳು ಅಳೆಯುತ್ತಿದ್ದರು. ಕೆಲವರಿಗೆ ಇನಾಂ ಜಮೀನು ಇತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯ ಇತ್ತು, ಹುಟ್ಟಿನಿಂದ ಬಂದ ಚಾಕರಿ ಅದು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಅಂಥ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು, ತೆಗೆಯಬೇಕಾದ್ದೇ. ಆದರೆ ತೂಬಿನ ಹತ್ತಿರ ನಿಲ್ಲುವ, ಅದಕ್ಕೆ ಕೂಲಿ ಪಡೆಯುವ, ಎರಡು ಬಯಲಿನವರೂ ನಂಬುವ ಒಬ್ಬ ಮನುಷ್ಯ ಬೇಕೇ ಬೇಕು ಅನ್ನುವುದು ಬದಲಾಗಲಿಲ್ಲ. ನಿಮ್ಮ ಹೊಸ ಸಂಘ ಮಾಡುವ ಮೊದಲ ಖರ್ಚು ಆ ಕೆಲಸಕ್ಕೆ ಸರಿಯಾದ ಸಂಬಳ ಆಗಿರಲಿ. ಯಾವ ಜಾತಿಯವರಾದರೂ ಸರಿ, ಹೆಂಗಸಾದರೂ ಸರಿ. ಆ ಸಂಬಳ ಎಲ್ಲಿಂದ ಬರಬೇಕು ಅಂತ ಮೀನು ಹರಾಜಿಗೆ ಮುಂಚೆಯೇ ಪಂಚಾಯಿತಿ ಜೊತೆ ಕೂತು ತೀರ್ಮಾನಿಸಿ, ಹರಾಜಿನ ಹಣದಲ್ಲಿ ಇಷ್ಟು ಭಾಗ ಕೆರೆಗೇ ವಾಪಸ್ ಅಂತ ಠರಾವು ಮಾಡಿಸಿ.

ನಿಮ್ಮ ಮಾತು ಯಾರು ಕೇಳುತ್ತಾರೆ ಅಂತ ಕೇಳಿದ್ದೀರಿ. ನೀವು ಎಂಬಿಕೆ. ಊರಿನ ಹೆಂಗಸರ ಉಳಿತಾಯ, ಸಾಲ, ಕಂತು ಎಲ್ಲ ನಿಮ್ಮ ಕೈಬರಹದಲ್ಲಿದೆ. ನಿಮ್ಮ ಪುಸ್ತಕದಲ್ಲಿ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ ಅಂತ ಅವರಿಗೆ ಗೊತ್ತು. ಸದಸ್ಯೆ ಆಗಿದ್ದರೆ ನೀವು ಒಂದು ಪಾರ್ಟಿಯವರು ಅಂತ ಆಗಿರುತ್ತಿತ್ತು. ಈಗ ಹಾಗಿಲ್ಲ, ಅದನ್ನು ಕೊರತೆ ಅಂದುಕೊಳ್ಳಬೇಡಿ. ಕೆರೆ ಕೆಲಸದಲ್ಲಿ ನಂಬಿಕೆ ಕೆಡುವುದು ಬಹಳ ಸಲ ಒಂದೇ ಜಾಗದಲ್ಲಿ, ಹೂಳಿನ ಟ್ರ್ಯಾಕ್ಟರ್ ಹತ್ತಿರ. ಗೋಡು ಮಣ್ಣಿಗೆ (ಕೆರೆ ಹೂಳಿಗೆ) ಎಲ್ಲರಿಗೂ ಆಸೆ, ಒಣ ಹೊಲಕ್ಕೆ ಅದು ಬಂಗಾರ. ಜೆಸಿಬಿ ಇಳಿದ ಮೊದಲ ದಿನವೇ ಪ್ರಭಾವ ಇದ್ದವರ ಟ್ರ್ಯಾಕ್ಟರ್‌ಗಳು ಸಾಲು ನಿಲ್ಲುತ್ತವೆ. ಸಂಜೆ ಹೊತ್ತಿಗೆ ಎರಡು ಲೋಡು ಇಟ್ಟಿಗೆ ಗೂಡಿಗೂ ಹೋಗಿರುತ್ತವೆ. ಮಾರನೇ ದಿನ ಊರು ಎರಡಾಗಿರುತ್ತದೆ.

ತುಮಕೂರು ಜಿಲ್ಲೆಯದೇ ಒಂದು ಊರಿನಲ್ಲಿ ನಾನು ಕಂಡದ್ದು ಹೇಳುತ್ತೇನೆ. ಅಂಗಳದಿಂದ ಮೇಲೆ ಬರಲು ಒಂದೇ ದಾರಿ ಬಿಟ್ಟಿದ್ದರು. ಆ ದಾರಿಯ ಬಾಯಲ್ಲಿ ಹೊಂಗೆ ಮರದ ಕೆಳಗೆ ಒಂದು ಮೇಜು. ಸಂಘದ ಇಬ್ಬರು ಹೆಂಗಸರು ಸರದಿ ಮೇಲೆ ಕೂರುತ್ತಿದ್ದರು. ಉದ್ದ ರೂಲಿನ ನೋಟ್‌ಬುಕ್, ಅದರಲ್ಲಿ ತಾರೀಕು, ಟ್ರ್ಯಾಕ್ಟರ್ ನಂಬರು, ಯಾರ ಹೊಲಕ್ಕೆ, ಎಷ್ಟನೇ ಲೋಡು, ಡ್ರೈವರ್ ಸಹಿ. ಸಹಿ ಬಾರದವರು ಹೆಬ್ಬೆಟ್ಟು. ಎಕರೆಗೆ ಇಷ್ಟು ಲೋಡು ಅಂತ ಮೊದಲೇ ಗ್ರಾಮಸಭೆಯಲ್ಲಿ ಗೊತ್ತು ಮಾಡಿದ್ದರು. ಎರಡು ಎಕರೆ ಒಳಗಿನವರಿಗೆ ಮೊದಲ ಸರದಿ, ದೊಡ್ಡ ಹಿಡುವಳಿಯವರಿಗೆ ಆಮೇಲೆ. ಸಾಗಣೆ ಖರ್ಚು ರೈತರದ್ದೇ. ಪ್ರತಿದಿನ ಸಂಜೆ ಆ ದಿನದ ಪುಟವನ್ನು ಹಾಲಿನ ಡೈರಿ ಗೋಡೆಗೆ ಅಂಟಿಸುತ್ತಿದ್ದರು. ಡೈರಿಗೆ ಎಲ್ಲ ಜಾತಿ, ಎಲ್ಲ ಪಾರ್ಟಿಯವರೂ ಎರಡು ಹೊತ್ತು ಬರುತ್ತಾರೆ ಅಲ್ವಾ, ಪಂಚಾಯಿತಿ ನೋಟಿಸ್ ಬೋರ್ಡಿಗಿಂತ ಜಾಸ್ತಿ ಜನ ಓದುವ ಗೋಡೆ ಅದು. ಒಂದು ದಿನ ಪಟ್ಟಿಯಲ್ಲಿ ಒಬ್ಬರ ಹೆಸರಿಗೆ ಲೋಡು ಜಾಸ್ತಿ ಇತ್ತು. ಹಾಲು ಹಾಕಲು ಬಂದ ಹುಡುಗನೊಬ್ಬ ಅಲ್ಲೇ ಕೇಳಿದ. ಸಂಘದವರು ಪುಸ್ತಕ ತಂದು ತೋರಿಸಿದರು. ಅಣ್ಣತಮ್ಮಂದಿರಿಬ್ಬರ ಪಾಲು ಒಂದೇ ಹೆಸರಿನಲ್ಲಿ ಬರೆದಿತ್ತು, ಬಿಡಿಸಿ ಬರೆದರು. ಅಲ್ಲಿಗೆ ಮುಗಿಯಿತು. ಅದೇ ಮಾತು ಗೋಡೆಯ ಮೇಲೆ ಇಲ್ಲದಿದ್ದರೆ ಚುನಾವಣೆವರೆಗೂ ಬೆಳೆಯುತ್ತಿತ್ತು.

ಆ ನೋಟ್‌ಬುಕ್ ಇಂಜಿನಿಯರಿಗೂ ಬೇಕಾಯಿತು. ಎಷ್ಟು ಹೂಳು ತೆಗೆದಿದ್ದಾರೆ ಅಂತ ಅಳತೆ ಪುಸ್ತಕದಲ್ಲಿ ಬರೆಯುವಾಗ ಲೋಡಿನ ಲೆಕ್ಕ ಜೊತೆಗಿಟ್ಟು ನೋಡಿದರು. ಕಂಪನಿಯವರಿಗೂ ಅದೇ ಪುಟಗಳ ಫೋಟೋ ಹೋಯಿತು. ಹೆಂಗಸರು ಬರೆದ ಒಂದೇ ಪುಸ್ತಕವನ್ನು ಇಲಾಖೆ, ಕಂಪನಿ, ಊರು ಮೂವರೂ ನಂಬಿದರು. ನಿಮ್ಮ ಜಾಗ ಅಲ್ಲಿದೆ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಡಿ, ಲೆಕ್ಕ ನಿಮ್ಮ ಕೈಯಲ್ಲಿರಲಿ.

ಒಂದು ತಾಂತ್ರಿಕ ವಿಷಯವನ್ನು ಮಾತ್ರ ಜನರ ಮಾತಿಗೆ ಬಿಡಬೇಡಿ. ಏರಿಯ ಬುಡದಲ್ಲಿ ಅಗೆಯಬಾರದು. ಮಣ್ಣು ಚೆನ್ನಾಗಿದೆ ಅಂತ ಅಲ್ಲೇ ತೋಡಲು ಒತ್ತಾಯ ಬರುತ್ತದೆ, ಏರಿಗೆ ಅಪಾಯ. ಹೂಳಿನ ಕೆಳಗಿನ ಜೇಡಿ ಪದರ ಒಡೆದು ಗಟ್ಟಿ ಮಣ್ಣಿಗೂ ಕೈ ಹಾಕಬಾರದು. ಎಲ್ಲಿಂದ ಎಲ್ಲಿಗೆ, ಎಷ್ಟು ಆಳ ಅಂತ ಇಂಜಿನಿಯರ್ ಸುಣ್ಣದ ಗೆರೆ ಹಾಕಿಕೊಡಲಿ, ಆ ಗೆರೆ ದಾಟಿದ ದಿನ ಜೆಸಿಬಿ ನಿಲ್ಲಲಿ.

ಸರ್ಕಾರದ ಮಾತು ಜನಕ್ಕೆ ಯಾಕೆ ತಲುಪುವುದಿಲ್ಲ ಅನ್ನುವುದಕ್ಕೆ ಕೋಲಾರದ ಕಡೆ ಒಂದು ಸಲ ನೋಡಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ ಅದು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ, ಬೋರ್ ಸಾವಿರ ಅಡಿ ದಾಟಿದ ಜಿಲ್ಲೆಗೆ ಇದು ಸಣ್ಣ ಮಾತಲ್ಲ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಜನ ಸಂಭ್ರಮ ಪಟ್ಟರು. ಮರುತಿಂಗಳೇ ನೀರಿನ ಮೇಲೆ ನೊರೆ ಕಂಡಿತು. ಪಂಪ್ ನಿಲ್ಲಿಸಬೇಕಾಯಿತು, ವಿಷಯ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಆಮೇಲೆ ನೀರು ಹರಿಯಿತು, ಕೆರೆ ತುಂಬಿದವು, ಅಂತರ್ಜಲ ಮೇಲೆ ಬಂತು. ಆದರೂ ಮೂರನೇ ಹಂತದ ಶುದ್ಧೀಕರಣ ಮಾಡಿ ಅನ್ನುವ ಕೂಗು ನಿಲ್ಲಲಿಲ್ಲ. ಕೂಗುವವರನ್ನು ಅಭಿವೃದ್ಧಿ ವಿರೋಧಿಗಳು ಅಂದದ್ದೂ ಉಂಟು. ಅದು ತಪ್ಪು. ಆ ನೀರಿನ ಪಕ್ಕ ಬದುಕುವವರು, ಅದರಿಂದ ತುಂಬಿದ ಬಾವಿ ನೀರನ್ನು ದನಕ್ಕೆ ಕುಡಿಸುವವರು ಪ್ರಶ್ನೆ ಕೇಳಲೇಬೇಕು. ನೀರಿನ ಪರೀಕ್ಷೆಯ ಫಲಿತಾಂಶ ತಿಂಗಳಿಗೊಮ್ಮೆ ಆಯಾ ಕೆರೆಯ ಊರಿನ ಗೋಡೆ ಮೇಲೆ, ಕನ್ನಡದಲ್ಲಿ, ಒಬ್ಬ ಸಾಮಾನ್ಯ ರೈತನಿಗೆ ಅರ್ಥ ಆಗುವ ಹಾಗೆ ಬರಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ತಜ್ಞರಿಗೆ ಕೊಟ್ಟ ವರದಿಯಿಂದ ತಜ್ಞರಿಗೆ ಸಮಾಧಾನ ಆಗಬಹುದು, ಕೆರೆ ದಂಡೆಯ ಊರಿಗೆ ಆಗುವುದಿಲ್ಲ.

ಅಧಿಕಾರಿಗಳ ವರ್ಗಾವಣೆ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ಬಂದೇ ಬರುತ್ತದೆ. ಒಳ್ಳೆ ಪಿಡಿಒ ಸಿಕ್ಕಿ ಕೆಲಸ ಅರ್ಧ ಆದಾಗ ಅವರು ಬೇರೆ ತಾಲ್ಲೂಕಿಗೆ ಹೋಗುತ್ತಾರೆ. ಹೊಸಬರಿಗೆ ಏನೂ ಗೊತ್ತಿರುವುದಿಲ್ಲ. ಅದಕ್ಕೆ ಒಂದು ಫೈಲು ಸಂಘದಲ್ಲೂ ಇರಲಿ. ಗ್ರಾಮಸಭೆ ಠರಾವು, ಅಳತೆ ಅರ್ಜಿಯ ಸ್ವೀಕೃತಿ, ಸರ್ವೆ ನಕ್ಷೆ, ಅಂದಾಜು ಪಟ್ಟಿ, ಒಪ್ಪಂದ, ಲೋಡಿನ ಪುಸ್ತಕದ ನಕಲು. ಹೊಸ ಪಿಡಿಒ ಬಂದ ವಾರದಲ್ಲೇ ಹೋಗಿ ಆ ಫೈಲು ತೋರಿಸಿ, ಸ್ಥಳಕ್ಕೆ ಕರೆದುಕೊಂಡು ಹೋಗಿ. ಹಳಬರನ್ನು ಬೈಯಬೇಡಿ, ತುಂಬಾ ಹೊಗಳಲೂ ಬೇಡಿ. ಏನಾದರೂ ಮಾಹಿತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ, 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಅದಕ್ಕೂ ಮುಂಚೆ ಒಂದು ಸಲ ಎದುರಿಗೆ ಕೂತು ಕೇಳಿ. ಅರ್ಜಿ ಮೊದಲು, ಮಾತು ಆಮೇಲೆ ಆದರೆ ಸಂಬಂಧ ಅಲ್ಲೇ ಗಂಟಾಗುತ್ತದೆ. ಮಾತಿಗೆ ಜಗ್ಗದಿದ್ದರೆ ಅರ್ಜಿ ಹಾಕಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಹಾಗೆಯೇ ವರ್ಷಕ್ಕೊಮ್ಮೆ ಪಂಚಾಯಿತಿ ಜಮಾಬಂದಿ (ಲೆಕ್ಕಪತ್ರಗಳ ಬಹಿರಂಗ ಪರಿಶೀಲನೆ) ನಡೆಯುತ್ತದೆ, ಆ ದಿನ ಕೆರೆ ಲೆಕ್ಕವನ್ನೂ ಎಲ್ಲರ ಮುಂದೆ ಓದಿಸಿ.

ಅಧಿಕಾರಿ ಒಳ್ಳೆ ಕೆಲಸ ಮಾಡಿದರೆ ಗ್ರಾಮಸಭೆಯಲ್ಲಿ ಹೆಸರು ಹೇಳಿ ನೆನೆಸಿ, ನಡಾವಳಿಯಲ್ಲಿ ಬರೆಸಿ. ಸರ್ವೆಯವರು ಬಿಸಿಲಲ್ಲಿ ಸರಪಳಿ ಎಳೆಯುವಾಗ ಊರಿನವರು ನಾಲ್ಕು ಜನ ಜೊತೆಗೆ ನಿಂತು ಗಿಡ ಸವರಿ ದಾರಿ ಮಾಡಿಕೊಟ್ಟರೆ ಅಳತೆಯೂ ಬೇಗ ಮುಗಿಯುತ್ತದೆ, ಆಮೇಲೆ 'ನಮ್ಮ ಮುಂದೆಯೇ ಅಳೆದಿದ್ದಾರೆ' ಅಂತ ಹೇಳಲು ಸಾಕ್ಷಿಯೂ ಇರುತ್ತದೆ. ಊಟ ಹಾಕಿ, ಕವರ್ ಕೊಡಬೇಡಿ. ಒಂದು ಸಲ ಕೊಟ್ಟರೆ ಸಂಘದ ಲೆಕ್ಕದಲ್ಲಿ ಅದನ್ನು ಎಲ್ಲಿ ಬರೆಯುತ್ತೀರಿ?

ಮುಂದಿನ ಸಭೆ ಯಾವಾಗ ಕರೆಯಬೇಕು ಅನ್ನುವುದೊಂದು ಉಳಿಯಿತು. ಎದ್ದು ಹೋದವರ ಪಟ್ಟಿಯ ಎಲ್ಲ ಮನೆಗಳಿಗೂ ಹೋಗಿ ಬಂದ ಮೇಲೆ, ಕುರಿಯವರ ಹಟ್ಟಿಗೆ ಹೋಗಿ ಬಂದ ಮೇಲೆ, ಮೇಲಿನ ಊರಿನವರ ಜೊತೆ ಮಾತಾದ ಮೇಲೆ. ಸಭೆ ರಾತ್ರಿ ಊಟದ ಹೊತ್ತಿಗೆ ಮುಂಚೆ ಇರಲಿ, ಆಗ ಹೆಂಗಸರಿಗೂ ಕೂಲಿಗೆ ಹೋದವರಿಗೂ ಬರಲು ಆಗುತ್ತದೆ. ದೇವಸ್ಥಾನದ ಜಗಲಿ ಬೇಡ, ಕೆಲವರು ಅಲ್ಲಿಗೆ ಹತ್ತುವುದಿಲ್ಲ, ಕೆಲವರನ್ನು ಹತ್ತಲು ಬಿಡುವುದಿಲ್ಲ. ಶಾಲೆ ಅಂಗಳ ಒಳ್ಳೆಯದು. ಆ ಸಭೆಯಲ್ಲಿ ಕೇಳಬೇಕಾದ್ದು ಒಂದೇ ಒಪ್ಪಿಗೆ, ಕೆರೆ ಅಳತೆಗೆ. ಹೂಳು, ಮೀನು, ಸಂಘದ ಅಧ್ಯಕ್ಷರು ಯಾರು, ಇದನ್ನೆಲ್ಲ ಅವತ್ತು ಎತ್ತಬೇಡಿ. ಅಳತೆಗೆ ಒಪ್ಪಿಗೆ ಸಿಕ್ಕರೆ ಅದನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಕಂಪನಿಯವರಿಗೆ ನೀವು ಕೊಡಬೇಕಾದ ಪತ್ರ ಅದರ ಪ್ರತಿ. ಗುದ್ದಲಿ ಪೂಜೆಗೆ ದಿನ ಕೇಳಿದರೆ, ಸರ್ವೆ ವರದಿ ಕೈಗೆ ಬಂದು ಬಾಂದು ಕಲ್ಲು ನೆಟ್ಟ ಮೇಲೆ ಹೇಳುತ್ತೇವೆ ಅನ್ನಿ.